ಹೊಸ ಪುಸ್ತಕಕ್ಕೆ ಹಳೇ ಕವರ್

ಸರ್ಕಾರ ಬದಲಾದಾಗೊಮ್ಮೆ ಸಮಾಜ ವಿಜ್ಞಾನದ ಪುಸ್ತಕದಿಂದ ಒಂದೆರಡು ಪಾಠ ಹೋಗುತ್ತವೆ, ಒಂದೆರಡು ಬರುತ್ತವೆ. ಹಳೇ ಪುಸ್ತಕ ಶಾಲೆಯಲ್ಲಿ ಉಳಿದಿಲ್ಲ ಎಂದು ಖಾತ್ರಿ ಮಾಡಿಕೊಂಡು ಫಾರಂ ತುಂಬುವ ಕೆಲಸ ಶಿಕ್ಷಣ ಇಲಾಖೆಯಲ್ಲಿ ಈ ಸಲ ನನ್ನ ಪಾಲಿಗೆ ಬಂದಿತ್ತು.

ಯಡ್ರಾಮಿ ಕಡೆಯ ಒಂದು ಹೈಸ್ಕೂಲಿನಲ್ಲಿ ಎಲ್ಲರ ಮುಂದೆಯೂ ಹೊಸ ಪುಸ್ತಕವೇ ಇತ್ತು. ಆದರೆ ಮುಂದಿನ ಸಾಲಿನ ಹುಡುಗಿ ತನ್ನ ಪುಸ್ತಕಕ್ಕೆ ಹಾಕಿದ್ದ ಕವರ್ ಮೇಲೆ ಅಕ್ಷರಗಳಿದ್ದವು. ಬಗ್ಗಿ ಓದಿದೆ. ಈ ವರ್ಷ ತೆಗೆದುಹಾಕಿದ ಪಾಠ.

"ಇದೇನವ್ವಾ?"

"ನಮ್ಮ ಅಕ್ಕನ ಬುಕ್ಕಿನ ಹಾಳಿ ರೀ ಸರ್. ಅಂಟಿಸಿ ಕವರ್ ಹಾಕೇನ್ರಿ."

"ಆ ಪಾಠ ಈಗಿಲ್ಲ. ಓದಬ್ಯಾಡ."

"ಆಗಲೇ ಓದೇನ್ರಿ. ಒಳಗ ಒಬ್ಬರನ್ನ ಹೊಗಳ್ಯಾರ, ಹೊರಗ ಇನ್ನೊಬ್ಬರನ್ನ ಹೊಗಳ್ಯಾರ. ಎರಡೂ ಸರ್ಕಾರದ ಪುಸ್ತಕನ ಅಲ್ರೀ?"

ಹೌದು ಎಂದೆ.

"ಹಂಗಾರ ಖರೇ ಯಾವುದ್ರಿ?"

ಬಾಗಿಲಲ್ಲಿ ನಿಂತಿದ್ದ ಮೇಷ್ಟ್ರು ಕೆಮ್ಮಿದರು. ನಾನು ಸುರಕ್ಷಿತವಾದ ಉತ್ತರವನ್ನೇ ಕೊಟ್ಟೆ: "ಪರೀಕ್ಷಾದಾಗ ಒಳಗಿಂದು ಬರಿ."

"ಅದು ಗೊತ್ತದ ರೀ. ಮಾರ್ಕ್ಸಿಗೆ ಒಳಗಿಂದೇ ಬರೀತೇನಿ. ಖರೇ ಯಾವುದಂತ ನಾವೆಲ್ಲ ಲೈಬ್ರರಿದಾಗ ಹುಡುಕಾಕತ್ತೇವಿ."

ನಾವೆಲ್ಲ ಅಂದರೆ ಯಾರು ಎಂದು ತಲೆಯೆತ್ತಿ ನೋಡಿದೆ. ಆ ಸಾಲಿನ ಐದೂ ಪುಸ್ತಕಗಳಿಗೆ ಅಂಥದೇ ಕವರ್.

‘ಹಳೆಯ ಪುಸ್ತಕ ಕಂಡುಬಂದಿದೆಯೇ?’ ಎಂಬ ಪ್ರಶ್ನೆಯ ಮುಂದೆ ‘ಇಲ್ಲ’ ಎಂದು ಬರೆದು ಸಹಿ ಹಾಕಿದೆ. ಕವರ್ ಬಗ್ಗೆ ಫಾರಂನಲ್ಲಿ ಕಾಲಂ ಇರಲಿಲ್ಲ. ಮುಂದಿನ ಸರ್ಕಾರ ಸೇರಿಸಬಹುದು. ಅಷ್ಟರಲ್ಲಿ ಆ ಹುಡುಗಿಗೆ ವೋಟು ಹಾಕುವ ವಯಸ್ಸು ಬಂದಿರುತ್ತದೆ.