ತರೀಕೆರೆಗೆ ಒಯ್ದ ಸುದ್ದಿ

ಕಡೂರಿನ ಛತ್ರದಲ್ಲಿ ರಾತ್ರಿಯೆಲ್ಲ ತಿಗಣೆಗಳ ಜೊತೆ ಹೊರಳಾಡಿ, ಬೆಳಕು ಹರಿಯುವ ಮುಂಚೆಯೇ ಸೈಕಲ್ ಹತ್ತಿದೆವು. ಸಖರಾಯಪಟ್ಟಣದಿಂದ ಹೊರಟ ಎರಡನೆಯ ದಿನ ಅದು. ಜೋಗದ ಜಲಪಾತವನ್ನು ಸೈಕಲ್ ಮೇಲೇ ಹೋಗಿ ನೋಡಿಬರಬೇಕೆಂಬ ಹುಚ್ಚು ಹತ್ತಿಸಿದವನು ನಮ್ಮೂರ ಸೈಕಲ್ ಷಾಪಿನ ಹಾಲಪ್ಪಣ್ಣ. ಐವತ್ತರ ಆಸುಪಾಸು, ಒಣಗಿದ ಮೈ, ಕಡಿಮೆ ಮಾತು. ಅವನ ಹಿಂದೆ ನಾನು, ಮಿಡ್ಲ್ ಸ್ಕೂಲ್ ಮೇಷ್ಟ್ರು. ನನ್ನ ಹಿಂದೆ ಚಂದ್ರು ಮತ್ತು ನಾಗರಾಜ ಎಂಬ ಅಣ್ಣತಮ್ಮಂದಿರು. ಎದುರುಗಾಳಿ ಯಾರಿಗೆ ಹೆಚ್ಚು ಬಡಿಯುತ್ತಿದೆ ಎಂಬುದಕ್ಕೂ ಅವರಿಬ್ಬರೂ ಜಗಳವಾಡುತ್ತಿದ್ದರು. ಬೇಸಿಗೆ ರಜೆಯನ್ನು ಹೀಗೆ ಹಾಳು ಮಾಡಿಕೊಳ್ಳಲು ಒಪ್ಪಿದ್ದಕ್ಕೆ ನನ್ನನ್ನು ನಾನೇ ಬೈದುಕೊಳ್ಳುತ್ತಾ ಪೆಡಲ್ ತುಳಿದೆ.

ಬೀರೂರಿನ ರೈಲ್ವೆ ಸ್ಟೇಷನ್ ಎದುರಿನ ಹೋಟೆಲಿನಲ್ಲಿ ಇಡ್ಲಿ ತಿಂದು, ಕಾಫಿ ಕುಡಿದೆವು. ಕಾಫಿ ಎಂದರೆ ಬೆಲ್ಲದ ನೀರು. ಅಲ್ಲಿಂದ ನೇರವಾಗಿ ತರೀಕೆರೆ ರಸ್ತೆ ಹಿಡಿದಿದ್ದರೆ ಚೆನ್ನಾಗಿತ್ತು. ಆದರೆ ಅಣ್ಣತಮ್ಮಂದಿರಿಗೆ ಅಜ್ಜಂಪುರದ ಕಡೆಯ ಅಮೃತಮಹಲ್ ಹೋರಿಗಳನ್ನು ನೋಡಬೇಕಂತೆ. "ನಮ್ಮ ಎಮ್ಮೆದೊಡ್ಡಿ ಕಾವಲಲ್ಲಿ ಹುಟ್ಟಿದಾಗಿಂದ ನೋಡ್ತಾ ಇದೀರಲ್ರೋ, ಇವಕ್ಕೇನು ಮೂರು ಕೊಂಬೇ?" ಎಂದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಅಜ್ಜಂಪುರದ ಹಾದಿ ಹನ್ನೆರಡು ಹದಿಮೂರು ಮೈಲಿ. ಕೆಂಪು ನೆಲ ಹೋಗಿ ಕಪ್ಪು ಎರೆಭೂಮಿ ಶುರುವಾಯಿತು. ಹತ್ತಿ, ಈರುಳ್ಳಿ ಎಲ್ಲ ಮುಗಿದು ಹೊಲಗಳು ಕಾಲು ಹೋಗುವಷ್ಟು ಬಿರುಕು ಬಿಟ್ಟಿದ್ದವು. ನೆರಳಿಗೆ ಅಲ್ಲೊಂದು ಇಲ್ಲೊಂದು ಜಾಲಿಗಿಡ. ಎತ್ತಿನ ಗಾಡಿಗಳು ಕೊರೆದ ಜಾಡಿನಲ್ಲಿ ಸೈಕಲ್ ತಾನಾಗಿಯೇ ವಾಲುತ್ತಿತ್ತು. ಹೋರಿಗಳೂ ಸಿಗಲಿಲ್ಲ, ನೀರು ಹುಡುಕಿಕೊಂಡು ಅವನ್ನು ದೂರ ಹೊಡೆದುಕೊಂಡು ಹೋಗಿದ್ದರಂತೆ. ಹತ್ತು ಗಂಟೆಯ ಸುಮಾರಿಗೆ ಅಜ್ಜಂಪುರ ಸೇರಿದಾಗ ನಾಲ್ವರ ಮುಖವೂ ಧೂಳು ಮೆತ್ತಿ ಒಂದೇ ಬಣ್ಣವಾಗಿತ್ತು.

ಪೇಟೆಬೀದಿಯಲ್ಲಿ ಮಂಡಕ್ಕಿ ಕಟ್ಟಿಸಿಕೊಳ್ಳುತ್ತಿದ್ದೆವು. ನಾಲ್ಕು ಮನೆ ಆಚೆ ಜನ ಸೇರಿದ್ದರು, ಬಾಗಿಲ ಮುಂದೆ ಬೆಂಕಿ ಹಾಕಿದ್ದರು. ಸಾವಿನ ಮನೆಯೆಂದು ಯಾರೂ ಹೇಳಬೇಕಾಗಿರಲಿಲ್ಲ. ಅಲ್ಲಿಂದ ಒಬ್ಬ ಮುದುಕ ಹೆಗಲ ಟವೆಲಿನಿಂದ ಕಣ್ಣೊರೆಸಿಕೊಳ್ಳುತ್ತಾ ನಮ್ಮ ಹತ್ತಿರ ಬಂದ.

"ತರೀಕೆರೆ ಕಡೆಗೇನಪ್ಪಾ ಹೊಂಟಿರಾದು?"

ಹೌದೆಂದೆವು. ಆತನ ಹೆಸರು ರುದ್ರಪ್ಪ. ಬೆಳಗ್ಗೆ ತೀರಿಕೊಂಡವನು ಅವನ ಅಣ್ಣ. ಅಣ್ಣನಿಗೆ ಇದ್ದದ್ದು ಒಬ್ಬಳೇ ಮಗಳು, ಗಂಗಮ್ಮ. ಅವಳನ್ನು ತರೀಕೆರೆಗೆ ಕೊಟ್ಟಿತ್ತು. ಬೆಳಗಿನ ಬಸ್ಸು ಹೊರಟುಹೋಗಿತ್ತು. ಭಾನುವಾರವಾದ್ದರಿಂದ ತಂತಿ ಕೊಡುವ ಹಾಗಿರಲಿಲ್ಲ. ಊರಿನ ಸೈಕಲ್ಲುಗಳೆಲ್ಲ ಬೇರೆ ಬೇರೆ ಹಳ್ಳಿಯ ನೆಂಟರಿಗೆ ಹೇಳಲು ಹೋಗಿದ್ದವು. ರೈಲಿಗೆ ಹೋಗಬೇಕೆಂದರೆ ಬೀರೂರಿಗೆ ಹೋಗಿ ಬದಲಿಸಬೇಕು, ಅಷ್ಟರಲ್ಲಿ ಕತ್ತಲೆ.

"ಹೊತ್ತು ಮುಳುಗೋದ್ರೊಳಗೆ ಮಣ್ಣು ಮಾಡ್ಬೇಕು. ಸೆಕೆ ನೋಡಿದ್ರಲ್ಲ, ಇಟ್ಕಳಾಕಾಗಲ್ಲ. ತರೀಕೆರೇಲಿ ಮೂರು ಗಂಟೆ ಬಸ್ಸಿಗೆ ಹತ್ತುದ್ರೆ ಮಗಳು ಅಪ್ಪನ ಮುಖ ನೋಡ್ಕತಾಳೆ. ನಿಮ್ಮ ಕಾಲಿಗೆ ಬೀಳ್ತೀನಿ ಕಣ್ರಪ್ಪಾ" ಎಂದ ರುದ್ರಪ್ಪ. ನಿಜವಾಗಿಯೂ ಬಗ್ಗಲು ಹೋದ. ಹಾಲಪ್ಪಣ್ಣ ತೋಳು ಹಿಡಿದು ತಡೆದ.

"ಆದ್ರೆ ಸತ್ತೋದ ಅಂತ ಮಾತ್ರ ಹೇಳ್ಬ್ಯಾಡಿ. ಹುಷಾರಿಲ್ಲ, ಇವತ್ತೇ ಬರ್ಬೇಕಂತೆ, ಅಷ್ಟೇ. ದಾರೀಲಿ ಎದೆ ಒಡ್ಕಂಡಾಳು."

ನಮ್ಮ ಸೀಮೆಯಲ್ಲಿ ಇದು ಹೊಸದೇನಲ್ಲ. ತವರಿನ ಸಾವನ್ನು ಹೆಣ್ಣುಮಕ್ಕಳಿಗೆ ಯಾರೂ ನೇರವಾಗಿ ಹೇಳುವುದಿಲ್ಲ. ಕಾಯಿಲೆ ಎಂದು ಕರೆತಂದು, ಮನೆ ಬಾಗಿಲಲ್ಲಿ ಇಳಿಸುತ್ತಾರೆ. ಹಾಲಪ್ಪಣ್ಣ ಆ ಮುದುಕನ ಕೈ ಮೇಲೆ ಕೈಯಿಟ್ಟು ಹಾಗೇ ಹೇಳುತ್ತೇನೆಂದು ಮಾತು ಕೊಟ್ಟ. ಮಂಡಕ್ಕಿಯನ್ನು ತಿನ್ನದೆ ಚೀಲಕ್ಕೆ ಹಾಕಿ ಹೊರಟೆವು.

ಮುಂದಿನ ಹನ್ನೆರಡು ಮೈಲಿಯಲ್ಲಿ ನನಗೆ ನೆನಪಿರುವುದು ಹಾಲಪ್ಪಣ್ಣನ ಬೆನ್ನು ಮಾತ್ರ. ಒಮ್ಮೆಯೂ ಇಳಿಯಲಿಲ್ಲ, ಹಿಂದಿರುಗಿ ನೋಡಲಿಲ್ಲ. ಅಣ್ಣತಮ್ಮಂದಿರು ಎದುರುಗಾಳಿಯ ಜಗಳ ಮರೆತು ಪೆಡಲ್ ತುಳಿದರು. ತರೀಕೆರೆ ಹತ್ತಿರವಾದಂತೆ ತೋಟಗಳು ಕಾಣಿಸಿದವು, ಗಾಳಿ ಸ್ವಲ್ಪ ತಣ್ಣಗಾಯಿತು. ಬೇರೆ ದಿನವಾಗಿದ್ದರೆ ಎಷ್ಟು ಸಂತೋಷಪಡುತ್ತಿದ್ದೆವೋ. ಊರೊಳಗೆ ವಿಚಾರಿಸಿಕೊಂಡು ಗಂಗಮ್ಮನ ಮನೆ ಮುಟ್ಟಿದಾಗ ಒಂದೂವರೆ ದಾಟಿತ್ತು.

ಅಂಗಳದಲ್ಲಿ ಚಾಪೆ ಹಾಸಿ ಅವಳು ಸಂಡಿಗೆ ಇಡುತ್ತಿದ್ದಳು. ಮೂವತ್ತರೊಳಗಿನ ಹೆಂಗಸು, ಹಿಟ್ಟಾದ ಕೈ, ನಗುಮುಖ. ಅತ್ತೆ ನೆರಳಲ್ಲಿ ಕೂತು ಕಾಗೆ ಓಡಿಸುತ್ತಿದ್ದರು. ಹಾಲಪ್ಪಣ್ಣ ಬಾಗಿಲಾಚೆಯೇ ನಿಂತು, ಮುದುಕ ಹೇಳಿದ್ದನ್ನು ಅಕ್ಷರ ಬಿಡದೆ ಒಪ್ಪಿಸಿದ.

ಗಂಗಮ್ಮ ನಕ್ಕುಬಿಟ್ಟಳು.

"ನಮ್ಮ ಚಿಕ್ಕಪ್ಪಂದು ಇದೇ ಆಗೋಯ್ತು. ಸಂಕ್ರಾಂತಿ ಹೊತ್ನಾಗೂ ಹಿಂಗೇ ಹೇಳಿ ಕಳ್ಸಿದ್ರು. ಅತ್ಕಂಡು ಓಡೋದೆ. ನೋಡಿದ್ರೆ ನಮ್ಮಪ್ಪ ಜಗಲಿ ಮ್ಯಾಲೆ ಕೂತ್ಕಂಡು ಕಡ್ಲೆಕಾಯಿ ಸುಲೀತಾ ಐತೆ! ಅದಕ್ಕಿಂತ ಮುಂಚೆನೂ ಒಂದಪ ಹಂಗೇ ಆಗಿತ್ತು. ಅಪ್ಪಂಗೆ ಉಬ್ಬಸ ಕಣಣ್ಣಾ, ಬತ್ತದೆ, ಹೋಯ್ತದೆ."

"ಇವತ್ತೇ ಬಂದ್ರೆ ಒಳ್ಳೇದವ್ವಾ" ಎಂದ ಹಾಲಪ್ಪಣ್ಣ.

"ಮನೇರು ಶಿವಮೊಗ್ಗಕ್ಕೆ ಹೋಗವ್ರೆ. ನಾಳೆ ಬೆಳಗ್ಗೆ ಬಸ್ಸಿಗೆ ಇಬ್ರೂ ಬತ್ತೀವಿ. ಈ ಸಂಡಿಗೆ ಒಣಗಿದ್ರೆ ಅಪ್ಪಂಗೂ ಒಂದಿಷ್ಟು ತಗಂಡು ಬತ್ತೀನಿ. ಬನ್ನಿ, ಬಿಸ್ಲಾಗೆ ಬಂದಿದೀರ, ಮಜ್ಜಿಗೆ ಕುಡೀರಿ."

ನಾನು ಹಾಲಪ್ಪಣ್ಣನ ಮುಖ ನೋಡಿದೆ. ಹೇಳು ಮಾರಾಯ ಎಂದು ಕಣ್ಣಲ್ಲೇ ಅಂದೆ. ಅವನು "ಬೇಡವ್ವಾ, ಇವತ್ತೇ ಬಾ" ಎಂದಷ್ಟೇ ಹೇಳಿ ನನ್ನ ರಟ್ಟೆ ಹಿಡಿದು ಎಳೆದುಕೊಂಡು ಬಂದ.

ಕೆರೆ ಏರಿಯ ಮರದಡಿ ಕೂತು ಮಂಡಕ್ಕಿ ಬಿಚ್ಚಿದೆವು. ನನಗೆ ಸಿಟ್ಟು ನೆತ್ತಿಗೇರಿತು.

"ಇದೆಂಥಾ ದರಿದ್ರ ಪದ್ಧತಿ ಹಾಲಪ್ಪಣ್ಣ? ಅವಳು ಇಲ್ಲಿ ಸಂಡಿಗೆ ಒಣಗಿಸ್ತಾ ಕೂತ್ರೆ ಅವರು ಅಲ್ಲಿ ಗುಂಡಿ ಮುಚ್ತಾರೆ!"

"ಮಾತು ಕೊಟ್ಟೀನಿ ಕಣೋ ಮೇಷ್ಟ್ರೇ. ಸತ್ತ ಮನೆಯೋರಿಗೆ ಕೊಟ್ಟ ಮಾತು."

"ಆ ಮಾತು ಕೊಟ್ಟಿದ್ದು ಅವಳು ಬರ್ಲಿ ಅಂತ ತಾನೇ? ಬರ್ತಿಲ್ವಲ್ಲ!"

ಹೀಗೇ ಬಹಳ ಹೊತ್ತು ಕಿತ್ತಾಡಿದೆವು. ಚಂದ್ರು ನನ್ನ ಪಕ್ಷ, ನಾಗರಾಜ ಅವನ ಪಕ್ಷ. ಕೊನೆಗೆ ಹಾಲಪ್ಪಣ್ಣ ತಲೆ ತಗ್ಗಿಸಿ, "ನನ್ನ ಬಾಯಲ್ಲಿ ಬರಲ್ಲ. ನೀನೇ ಹೇಳೋಗು" ಎಂದ. ನಾನು ಸೈಕಲ್ ಹತ್ತಿ ಹೊರಟೆ. ಬೀದಿಯ ತಿರುವಿನಲ್ಲಿ ಅಜ್ಜಂಪುರಕ್ಕೆ ಹೋಗುವ ಮೂರು ಗಂಟೆ ಬಸ್ಸು ಹಾರ್ನ್ ಹೊಡೆಯುತ್ತಾ ಎದುರಿಗೇ ಬಂತು. ಅಡ್ಡ ನಿಂತು ಕೈ ಬೀಸಿದೆ, ಕೂಗಿದೆ. ಡ್ರೈವರು ಬೈದು, ನನ್ನನ್ನು ಸುತ್ತಿಕೊಂಡು ಹೋದ.

ಗಂಗಮ್ಮನಿಗೆ ಹೇಗೆ ಹೇಳಿದೆ ಎಂದು ಬರೆಯಲು ನನಗೆ ಮನಸ್ಸಿಲ್ಲ. ಅವಳು ಕಿರುಚಲಿಲ್ಲ. ಕೈಯಲ್ಲಿದ್ದ ಹಿಟ್ಟಿನ ಪಾತ್ರೆಯನ್ನು ಮೆಲ್ಲಗೆ ಕೆಳಗಿಟ್ಟು, "ಬಸ್ಸು?" ಎಂದಳು. ಹೋಯಿತು ಎಂದೆ. ಅಷ್ಟರಲ್ಲಿ ಉಳಿದ ಮೂವರೂ ಬಂದರು. ಹಾಲಪ್ಪಣ್ಣ ತನ್ನ ಸೈಕಲ್ಲಿನ ಕ್ಯಾರಿಯರಿಗೆ ಗೋಣಿಚೀಲ ಮಡಿಸಿ ಕಟ್ಟಿದ.

"ಕೂತ್ಕಳವ್ವಾ."

ಅತ್ತೆ ಎದ್ದು ನಿಂತು, "ಗುರುತಿಲ್ಲ ಪರಿಚಯವಿಲ್ಲ, ಗಂಡಸ್ರ ಸೈಕಲ್ ಮೇಲೆ ಊರ ಮುಂದೆ ಹೋಗ್ತೀಯೇನೇ?" ಎಂದರು. ಗಂಗಮ್ಮ ಸೆರಗು ಸಿಕ್ಕಿಸಿಕೊಂಡು ಹತ್ತಿ ಕೂತಳು. ಅತ್ತೆ ಒಳಗೆ ಹೋಗಿ ಒಂದು ತಂಬಿಗೆ ನೀರು ತಂದು ಸೊಸೆಗೆ ಕುಡಿಸಿದರು.

ಬಂದ ಹಾದಿಯನ್ನೇ ಹಿಡಿದೆವು. ಹಾಲಪ್ಪಣ್ಣ ಯಾರಿಗೂ ಸೈಕಲ್ ಬಿಟ್ಟುಕೊಡಲಿಲ್ಲ. ಏರು ಬಂದಾಗ ನಾವು ಹಿಂದಿನಿಂದ ತಳ್ಳಿದೆವು. ಅರ್ಧ ದಾರಿಯಲ್ಲಿ ಜಾಲಿಮುಳ್ಳು ಹೊಕ್ಕು ಹಿಂದಿನ ಚಕ್ರ ಪಂಕ್ಚರಾಯಿತು. ಹತ್ತಾರು ವರ್ಷದಿಂದ ಪಂಕ್ಚರ್ ಹಾಕಿದ ಕೈಯಲ್ಲೂ ಆವತ್ತು ತೇಪೆ ಎರಡು ಸಲ ಬಿಟ್ಟುಕೊಂಡಿತು. ಗಂಗಮ್ಮ ರಸ್ತೆಯಲ್ಲಿ ಮುಂದೆ ಮುಂದೆ ನಡೆಯುತ್ತಲೇ ಇದ್ದಳು. ನಾವು ಹೋಗಿ ಸೇರಿಕೊಂಡಾಗ ಸೂರ್ಯ ಬೆನ್ನ ಹಿಂದೆ ಇಳಿಯುತ್ತಿದ್ದ.

ಅಜ್ಜಂಪುರದ ಹೊರಗೆ, ಹೊಲದ ಕಾಲುದಾರಿಯಿಂದ ಗಂಡಸರ ಗುಂಪೊಂದು ರಸ್ತೆಗೆ ಬಂತು. ಹೆಗಲ ಮೇಲೆ ಹಾರೆ, ಗುದ್ದಲಿ. ಎಲ್ಲರ ಮುಂದೆ ರುದ್ರಪ್ಪ. ಅವಳನ್ನು ಕಂಡು ಅಲ್ಲೇ ಕುಸಿದ.

"ಬಸ್ಸಲ್ಲಿ ಇಳೀಲಿಲ್ವಲ್ಲೇ ಮಗ... ಬರಲ್ಲ ಅಂದ್ಕಂಡು ಎತ್ಬಿಟ್ವಲ್ಲೇ..."

ಹಾಲಪ್ಪಣ್ಣ ಸೈಕಲ್ ಹ್ಯಾಂಡಲ್ ಮೇಲೆ ಹಣೆಯಿಟ್ಟು ಮಕ್ಕಳ ಹಾಗೆ ಅತ್ತುಬಿಟ್ಟ. ನನ್ನ ಸಿಟ್ಟೆಲ್ಲ ಎಲ್ಲಿ ಹೋಯಿತೋ. ಬೈಯಲು ಯಾರೂ ಉಳಿದಿರಲಿಲ್ಲ.

ಹೆಂಗಸರು ಮಣ್ಣಿನ ಹತ್ತಿರ ಹೋಗುವ ಹಾಗಿಲ್ಲ ಎಂದು ಯಾರೋ ಗೊಣಗಿದರು. ಗಂಗಮ್ಮ ಕೇಳಿಸಿಕೊಳ್ಳದೆ ಹೊಲಕ್ಕೆ ಇಳಿದಳು. ಅವಳ ಹಿಂದೆ ರುದ್ರಪ್ಪ, ಅವನ ಹಿಂದೆ ನಾವು. ಎರೆಮಣ್ಣಿನ ಗುಡ್ಡೆ ಇನ್ನೂ ಹಸಿಯಾಗಿತ್ತು, ಮೇಲೆ ಒಂದಿಷ್ಟು ಹೂವು.

"ತಲೆ ಯಾವ ಕಡೆ ಇಟ್ರಿ ಚಿಕ್ಕಪ್ಪಾ?"

ಅವನು ತೋರಿಸಿದ. ಅವಳು ಆ ಕಡೆ ಕೂತು ಮಣ್ಣು ಮುಟ್ಟಿದಳು. ತಲೆಗಾತ್ರದ ಹೆಂಟೆಗಳಿದ್ದವು. ಒಂದನ್ನು ಎತ್ತಿ ಮಡಿಲಲ್ಲಿಟ್ಟುಕೊಂಡು ಬೆರಳಿಂದ ಪುಡಿ ಮಾಡತೊಡಗಿದಳು.

"ಇಷ್ಟಿಷ್ಟು ದಪ್ಪ ಹೆಂಟೆ ಹಾಕಿದೀರಲ್ಲ ಮುಖದ ಮ್ಯಾಲೆ. ಒಡ್ದಾದ್ರೂ ಹಾಕ್ಬಾರ್ದಾಗಿತ್ತಾ?"

ಜೋಗಕ್ಕೆ ಹೋಗುವ ಮಾತನ್ನು ನಮ್ಮಲ್ಲಿ ಯಾರೂ ಎತ್ತಲಿಲ್ಲ. ಬೀರೂರಿನ ರಸ್ತೆಗೆ ಸೈಕಲ್ ತಿರುಗಿಸುವಾಗ ಒಮ್ಮೆ ಹಿಂದಕ್ಕೆ ನೋಡಿದೆ. ಮಬ್ಬುಗತ್ತಲೆಯಲ್ಲಿ ರುದ್ರಪ್ಪನೂ ಅವಳ ಪಕ್ಕ ಕೂತು ಹೆಂಟೆ ಒಡೆಯುತ್ತಿದ್ದ.