ಜೋಳದ ಬಟ್ಟಲಿನಲ್ಲಿ ತೊಗರಿ

ಯೂರಾಲಜಿಸ್ಟ್, ಅಂದರೆ ಮೂತ್ರರೋಗದ ಡಾಕ್ಟರು, ಎಂಬ ಶಬ್ದ ಮಸಗುಪ್ಪಿಯ ನಮ್ಮ ಮನೆಗೆ ಬಂದಾಗ ಮಾವನವರು ಒಂದಕ್ಕೆ ಹೋದರೆ ಅರ್ಧ ತಾಸು ಹೊರಬರುತ್ತಿರಲಿಲ್ಲ. ಹನಿ ಹನಿಯಾಗಿ ಹೋಗುತ್ತಿತ್ತಂತೆ. ಅದಕ್ಕೂ ಮೊದಲು ಎರಡು ತಿಂಗಳು ಹುರಳಿ ಕಟ್ಟು ಕುಡಿಸಿದೆವು. ಅಂಕಲಗಿಯ ಬೀಗರು ಕಳಿಸಿದ ಯಾವುದೋ ಬೇರು ಅರೆದು ಕುಡಿಸಿದೆವು. ಹರಳು ಆಗೈತಿ, ಕರಗತೈತಿ ಎಂದು ಊರಿಗೆ ಊರೇ ಡಾಕ್ಟರಾಗಿತ್ತು. ನನಗೆ ಮಾತ್ರ ಎದೆಯಲ್ಲಿ ಅವಲಕ್ಕಿ ಕುಟ್ಟಿದಂತಾಗುತ್ತಿತ್ತು. ನನ್ನ ತವರು ಕಣಗಲಾದಲ್ಲಿ ಕಾಕಾನಿಗೂ ಹೀಗೇ ಶುರುವಾಗಿತ್ತು. ರಕ್ತ ಹೋಗುವುದನ್ನು ಅವನು ಮುಚ್ಚಿಟ್ಟ. ಹೇಳಿದಾಗ ಕಾಲ ಮಿಂಚಿತ್ತು. ನಾವು ಅವನನ್ನು ಮಣ್ಣು ಮಾಡಿ ಬಂದೆವು.

ಡಾಕ್ಟರನ್ನು ಆರಿಸುವ ಕೆಲಸ ನನ್ನ ತಲೆಗೇ ಬಂತು. ಗಂಡನದು ಕಬ್ಬಿನ ಟ್ರ್ಯಾಕ್ಟರ್. ಹಂಗಾಮಿನಲ್ಲಿ ಮನೆಗೆ ಬಂದರೆ ಬಂದ, ಇಲ್ಲದಿದ್ದರೆ ಇಲ್ಲ. "ನೀನ ನೋಡ, ನೀ ಸಾಲಿ ಕಲ್ತಾಕಿ" ಎಂದು ಫೋನಿಟ್ಟ. ಹತ್ತನೇ ಇಯತ್ತೆ ಪಾಸಾದದ್ದೇ ನನ್ನ ಅಪರಾಧ! ಕ್ಯಾಲೆಂಡರಿನ ಹಾಳೆಯ ಹಿಂದೆ ಮೂರು ಊರು ಬರೆದುಕೊಂಡೆ. ಮೂಡಲಗಿಯಲ್ಲಿ ಎಲ್ಲರೂ ಹೇಳಿದವರು ಜ್ವರಕ್ಕೂ ನೆಗಡಿಗೂ ನೋಡುವವರು, ಇದಕ್ಕೆಂದೇ ಕಲಿತವರಲ್ಲ. ಹುಕ್ಕೇರಿಯಲ್ಲಿ ನನ್ನ ಅಣ್ಣ ವಿಚಾರಿಸಿದ ಡಾಕ್ಟರು ಮುಂದಿನ ತಿಂಗಳು ಬರುತ್ತಾರಂತೆ. ಮುಂದಿನ ತಿಂಗಳವರೆಗೆ ಈ ಮನುಷ್ಯ ಉಳಿಯಬೇಕಲ್ಲ! ಉಳಿದದ್ದು ಗೋಕಾಕ. ಅಲ್ಲಿ ಫೋನ್ ಎತ್ತಿದ ಹೆಣ್ಣುಮಗಳಿಗೆ ನಾನು ಕೇಳಿದ್ದು ಒಂದೇ.

"ಸಾಹೇಬ್ರು ಪೇಶಂಟಿಗೆ ಬೈತಾರೇನ್ರಿ? ನಮ್ಮ ಮಾವಾರು ಬೈಸ್ಕೊಂಡ್ರ ಎದ್ದ ಬರೋ ಪೈಕಿ."

"ಇಲ್ರೀ ಅಕ್ಕಾರ, ಭಾಳ ಸಮಾಧಾನದವರ ಅದಾರ" ಎಂದು ನಕ್ಕಳು. ಇವರೇ ಗಟ್ಟಿ ಎಂದುಕೊಂಡೆ.

ಅವಳು ಹೇಳಿದ್ದನ್ನೆಲ್ಲ ಅದೇ ಹಾಳೆಯ ಮೇಲೆ ಬರೆದೆ. ಹಳೆಯ ರಿಪೋರ್ಟು, ಸ್ಕ್ಯಾನಿಂಗ್ ಚೀಟಿ, ನುಂಗುವ ಗುಳಿಗೆಗಳೆಲ್ಲ ತರಬೇಕು. ಮೂರು ದಿನ ಎಷ್ಟು ಸಲ ಒಂದಕ್ಕೆ ಹೋಗುತ್ತಾರೆ ಎಂದು ಲೆಕ್ಕ ಇಡಬೇಕು. "ರಕ್ತ ಬರತೈತೇನು ಕೇಳ್ರಿ. ಮುಚ್ಚಿಡಬ್ಯಾಡ್ರಿ, ಎಲ್ಲಾ ಅದರ ಮ್ಯಾಲೇ ಐತಿ" ಎಂದಳು.

ಕೇಳುವುದು ಹೇಗೆ? ಲಗ್ನವಾಗಿ ಹದಿನಾಲ್ಕು ವರ್ಷವಾದರೂ ನಾನು ಮಾವನವರ ಎದುರು ನಿಂತು ಮಾತಾಡಿದವಳಲ್ಲ. ತಲೆಯ ಮೇಲೆ ಸೆರಗು, ಬಾಗಿಲ ಮರೆ, ನಡುವೆ ಅತ್ತೆ. ಊಟಕ್ಕೆ ಕರೆಯುವುದೂ ಅತ್ತೆಯ ಬಾಯಿಂದಲೇ. ಅಂಥದ್ದರಲ್ಲಿ ಒಂದಕ್ಕೆ ಹೋಗುವ ಮಾತು! ಅತ್ತೆಯನ್ನೇ ಕಳಿಸಿದೆ. ಹೋದಷ್ಟೇ ಬೇಗ ತಿರುಗಿ ಬಂದರು.

"ರಕ್ತ ಗಿಕ್ತ ಏನೂ ಇಲ್ಲಂತ. ನನಗ ಹುಚ್ಚ ಹಿಡದೈತಿ ಅಂದ್ರು."

ಲೆಕ್ಕದ್ದು ಇನ್ನೊಂದು ಪೇಚು. ಮಾವನವರಿಗೆ ಅಕ್ಷರ ಬಾರದು. ಆದರೆ ಜೀವಮಾನವೆಲ್ಲ ಕುರಿ ಕಾಯ್ದವರು, ಎಣಿಕೆಯಲ್ಲಿ ತಪ್ಪಿದವರಲ್ಲ. ಸಂಜೆ ಹಟ್ಟಿಗೆ ಕುರಿ ಹೊಗಿಸುವಾಗ ಇಪ್ಪತ್ತಕ್ಕೊಂದು ಬಿಳಿಕಲ್ಲು ಚೀಲಕ್ಕೆ ಹಾಕುವುದನ್ನು ನಾನೇ ನೋಡಿದ್ದೆ. ಅದೇ ನೆನಪಾಗಿ, ಬಚ್ಚಲಿನ ಕಟ್ಟೆಯ ಮೇಲೆ ಒಂದು ಡಬ್ಬಿಯಲ್ಲಿ ಜೋಳ, ಬಾಜೂಕ್ಕೆ ಒಂದು ಖಾಲಿ ಬಟ್ಟಲು ಇಟ್ಟೆ. ಒಮ್ಮೆ ಹೋದರೆ ಒಂದು ಕಾಳು ಬಟ್ಟಲಿಗೆ ಹಾಕಲಿ ಎಂದು ಅತ್ತೆಯ ಕೈಲಿ ಹೇಳಿಸಿದೆ. ಮಾವನವರು ಒಪ್ಪಿದರು. ನನ್ನ ಜಾಣತನಕ್ಕೆ ನಾನೇ ಹಿಗ್ಗಿದೆ.

ಮೂರನೆಯ ದಿನ ಸಂಜೆ ಬಟ್ಟಲನ್ನು ಮೊರಕ್ಕೆ ಸುರುವಿ ಕುಳಿತೆ. ನಡುನಡುವೆ ತೊಗರಿ ಕಾಳು ಇದ್ದವು. ನಮ್ಮಲ್ಲಿ ಜೋಳದ ಸಾಲಿನ ನಡುವೆ ತೊಗರಿ ಬಿತ್ತುತ್ತಾರೆ. ಜೋಳದಲ್ಲಿ ತೊಗರಿ ಸೇರುವುದು ಯಾವ ಹೊಸ ಮಾತು? ಹಸನು ಮಾಡಿ ಮಾಡಿ ರೂಢಿಯಾದ ಕೈ, ಕೇಳದೆಯೇ ತೊಗರಿಯನ್ನು ಆರಿಸಿ ಅಂಗಳಕ್ಕೆ ಎಸೆಯಿತು. ಕೋಳಿ ತಿಂದವು. ಉಳಿದ ಜೋಳ ಎಣಿಸಿ ಮೂವತ್ತೊಂದು ಎಂದು ಬರೆದೆ.

ಗೋಕಾಕದ ದವಾಖಾನೆಗೆ ಮೂವರೂ ಹೋದೆವು. ಒಳಗೆ ಪೇಶಂಟಿನ ಜೊತೆ ಒಬ್ಬರೇ ಎಂದರು. ಕಾಗದ ಓದಿ ಹೇಳಬೇಕಲ್ಲ, ಅತ್ತೆ ಹೊರಗೆ ಉಳಿದರು, ನಾನು ಒಳಗೆ ಹೋದೆ. ಮಾವನವರು ನೆಲ ನೋಡುತ್ತ ಕುಳಿತರು, ನಾನು ಅವರ ಹಿಂದೆ ನಿಂತೆ. ಡಾಕ್ಟರು ನನ್ನ ಲೆಕ್ಕದ ಹಾಳೆ ನೋಡಿ ನನ್ನನ್ನೇ ಕೇಳಿದರು.

"ರಕ್ತ ಏನರ ಹೋಗೇತೇನ್ರಿ?"

"ಇಲ್ರೀ" ಎಂದೆ. ಎಷ್ಟು ಲಗುಬಗೆಯಿಂದ ಎಂದೆ!

"ಹಂಗಾರ ಇದು ವಯಸ್ಸಿಗೆ ಬರೂ ಗ್ರಂಥಿ ಬಾವು. ಗುಳಿಗಿ ಬರ್ದ ಕೊಡ್ತೀನಿ. ಮೂರ ತಿಂಗಳ ಬಿಟ್ಟ ಬರ್ರಿ."

ಹೋದ ಜೀವ ಬಂದಂತಾಯಿತು. ಗುಳಿಗೆಯ ಚೀಟಿಗೆ ಕೈ ಚಾಚಿದೆ. ಮಾವನವರು ಏಳಲಿಲ್ಲ.

"ತಂಗಿ," ಎಂದರು, ನೆಲವನ್ನೇ ನೋಡುತ್ತ. "ಕೆಂಪ ಕಾಳ ಹೇಳಲಿಲ್ಲಲ್ಲ ನೀ."

"ಯಾವ ಕೆಂಪ ಕಾಳ್ರಿ ಮಾವಾರ?"

"ತೊಗರಿ. ರಕ್ತ ಬಂದಾಗೆಲ್ಲಾ ಜೋಳದಾಗಿನ ತೊಗರಿ ಆರಿಸಿ ಹಾಕೀನಿ. ಬ್ಯಾನಿ ಬಿದ್ದ ಕುರಿಗೆ ಕೆಂಪ ಕಲ್ಲ ಹಾಕೂದು ನೀ ನೋಡಿದಾಕಿ, ತಿಳ್ಕೋತಿ ಅಂದ್ಕೊಂಡಿದ್ದೆ. ನಿಮ್ಮತ್ತಿಗೆ ಹೇಳಿದ್ರ ಊರೆಲ್ಲಾ ಕೂಡೂಹಂಗ ಅಳತಾಳ."

ಬಿಳಿಕಲ್ಲಿನ ಜೊತೆ ಕೆಂಪುಕಲ್ಲನ್ನೂ ನೋಡಿದ್ದೆ. ವರ್ಷಗಟ್ಟಲೆ ನೋಡಿದ್ದೆ! ಬಾಯಿಬಿಟ್ಟು ಹೇಳಲಾರದ್ದನ್ನು ಅವರು ನನಗೆಂದೇ ಬಟ್ಟಲಿಗೆ ಹಾಕಿದ್ದರು, ನಾನು ಅದನ್ನು ಕೋಳಿಗೆ ಹಾಕಿದ್ದೆ. ಸುಡಲಿ ಈ ಕೈ.

ಡಾಕ್ಟರು ಪೆನ್ನು ಕೆಳಗಿಟ್ಟರು. "ಎಷ್ಟ ಇದ್ದೂವಮ್ಮಾ ಕೆಂಪ ಕಾಳ?"

ನಾನು ಲೆಕ್ಕದ ಹಾಳೆ ನೋಡಿದೆ. ಅದರ ಮೇಲೆ ಮೂವತ್ತೊಂದು ಮಾತ್ರ ಇತ್ತು.

"ಒಂಬತ್ತ್ರಿ" ಎಂದರು ಮಾವನವರು.

ಡಾಕ್ಟರು ಗುಳಿಗೆಯ ಚೀಟಿಯನ್ನು ಬದಿಗಿಟ್ಟು ಬೇರೆ ಹಾಳೆ ತೆಗೆದುಕೊಂಡರು. ಒಳಗೆ ಕ್ಯಾಮೆರಾ ಬಿಟ್ಟು ನೋಡಬೇಕು, ಗಂಟು ಇದ್ದರೆ ತುಣುಕು ತೆಗೆದು ಕಳಿಸಬೇಕು ಎಂದರು. ಸೋಮವಾರ ಬರಲು ಹೇಳಿದರು. ಅಲ್ಲಿಯವರೆಗೆ ಲೆಕ್ಕ ಮುಂದುವರಿಸಿರಿ ಎಂದರು. ನಾನು ಕೈಮುಗಿದು, ಕಾಕಾನ ಸುದ್ದಿ ಹೇಳಿ, ಇವರದೂ ತಡವಾಗಿಲ್ಲ ಅಲ್ಲವೇ ಎಂದು ಅತ್ತುಬಿಟ್ಟೆ. ಅವರು ಬೈಯಲಿಲ್ಲ. ತಡವಾಗಿಲ್ಲ ಎಂದೂ ಹೇಳಲಿಲ್ಲ.

ಹೊರಗೆ ಅತ್ತೆ "ಏನಂದ್ರು?" ಎಂದು ಕೇಳಿದರು. ನಾನೂ ಮಾವನವರೂ ಒಬ್ಬರ ಮುಖ ಒಬ್ಬರು ನೋಡಿದೆವು. "ಇನ್ನೊಂದ ಸ್ಕ್ಯಾನಿಂಗ್ ಐತ್ರಿ ಅತ್ತಿ" ಎಂದೆ.

ಸೋಮವಾರಕ್ಕೆ ಇನ್ನೂ ಎರಡು ದಿನವಿದೆ. ಬಚ್ಚಲಿನ ಕಟ್ಟೆಯ ಮೇಲೆ ಈಗ ಎರಡು ಡಬ್ಬಿ ಇಟ್ಟಿದ್ದೇನೆ, ಒಂದರಲ್ಲಿ ಜೋಳ, ಒಂದರಲ್ಲಿ ತೊಗರಿ. ಇವತ್ತು ಸಂಜೆ ಒಂದೇ ದಿನದ ಬಟ್ಟಲನ್ನು ಮೊರಕ್ಕೆ ಸುರುವಿದೆ. ಒಂದು ಕಾಳನ್ನೂ ಎಸೆಯಲಿಲ್ಲ. ಜೋಳ ನಾಲ್ಕು, ತೊಗರಿ ಏಳು.