ರೋಮನ್ ಹಂಚಿನ ಮೇಲೆ ಅಮ್ಮನ ಬೆರಳು

ಲಂಡನ್ ಅಂಚಿನ ಆರ್ಪಿಂಗ್ಟನ್‌ನ ರೋಮನ್ ಮನೆಯ ಅವಶೇಷಗಳ ನಡುವೆ, ಮುಟ್ಟಿ ನೋಡಲೆಂದೇ ಇಟ್ಟಿದ್ದ ಹಂಚೊಂದರ ಮೇಲೆ ಅಮ್ಮ ಕೈಯಿಟ್ಟರು. ಹಸಿ ಮಣ್ಣಿನಲ್ಲಿ ಯಾರೋ ಮೂರು ಬೆರಳು ಎಳೆದ ಗುರುತು ಅದರಲ್ಲಿತ್ತು. ಬಲಗೈ ಬೆರಳು ಕೂರಲಿಲ್ಲ. ಎಡಗೈಯದು ಸರಿಯಾಗಿ ಕೂತಿತು.

“ಇಲ್ ಕಾಣ್ ಮಗಾ, ಇದನ್ನ ಮಾಡ್ದವ ಎಡಚ” ಎಂದರು.

ಅದನ್ನು ನಾನು ಇಂಗ್ಲಿಷಿನಲ್ಲಿ ಹೇಳಿದಾಗ, ಮಾಹಿತಿ ಕೊಡುತ್ತಿದ್ದ ವೃದ್ಧೆ ಬಗ್ಗಿ ಗುರುತನ್ನು ಮತ್ತೆ ನೋಡಿದರು. “ಇಷ್ಟು ವರ್ಷ ನನಗೇ ಹೊಳೆದಿರಲಿಲ್ಲ. ಇವರಿಗೆ ಹೇಗೆ ಗೊತ್ತಾಯಿತು?” ಎಂದು ಕೇಳಿದರು.

ಕುಂದಾಪುರದ ಹಂಚಿನ ಕಾರ್ಖಾನೆಯಲ್ಲಿ ಅಮ್ಮ ಹದಿನೆಂಟು ವರ್ಷ ಹಸಿ ಹಂಚು ಹೊತ್ತಿದ್ದರು. ಆ ಕೂಲಿಯಲ್ಲೇ ಓದಿದ ನಾನು ಲಂಡನ್ನಿನಲ್ಲಿ ಅದನ್ನು ಯಾರಿಗೂ ಹೇಳಿರಲಿಲ್ಲ. ಪಕ್ಕದಲ್ಲೇ ನಿಂತಿದ್ದ ಮಗಳಿಗೂ. ನಾನು ಮುಚ್ಚಿಟ್ಟಿದ್ದು ಅಮ್ಮನಿಗೆ ತಿಳಿದಿತ್ತು.

“ಊರಂಗೆ ಎಲ್ಲೋ ಕಂಡದ್ದ್ ಅಂತ ಹೇಳ್, ಸಾಕ್” ಎಂದು ಮೆಲ್ಲಗೆ ಅಂದರು.

“ಅಮ್ಮ ಹಂಚಿನ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಿದ್ದರು” ಎಂದೆ. ಮಗಳು ತಿರುಗಿ ಅಜ್ಜಿಯ ಮುಖ ನೋಡಿದಳು.

ನಮ್ಮ ಮನೆಯಿದ್ದ ಸಟನ್‌ಗೆ ಮರಳುವ ರೈಲು ಪ್ರಯಾಣದುದ್ದಕ್ಕೂ ಅವಳ ಪ್ರಶ್ನೆಗಳು ಮುಗಿಯಲಿಲ್ಲ. ಹಸಿ ಹಂಚನ್ನು ಎತ್ತುವ ಬಗೆಯನ್ನು ಅಮ್ಮ ಅವಳ ಪುಸ್ತಕವನ್ನೇ ಹಿಡಿದು ತೋರಿಸಿದರು. ಅವರು ಹೇಳಿದ್ದರಲ್ಲಿ ಅರ್ಧ ನನಗೂ ಹೊಸದು. ನಾನು ಯಾವತ್ತೂ ಕೇಳಿರಲಿಲ್ಲ.